ಒತ್ತಿದ್ದೊಂದು, ಮೂಡಿದ್ದೊಂದು

ಕಳೆದ ವರ್ಷದ ಮಳೆಗಾಲದಲ್ಲಿ ಒಂದು ಭಾನುವಾರ, ರಾತ್ರಿ ಎಂಟು ಗಂಟೆಯ ಸಮಯ. ಊಟಕ್ಕೆ ಕುಳಿತಿದ್ದೆ, ಫೋನು ಬಂದಿತು. ಮಾತನಾಡುತ್ತಿದ್ದವಳು ನಮ್ಮ ಕಾಲೇಜಿನ ದ್ವಿತೀಯ ವರ್ಷದ ವಿದ್ಯಾರ್ಥಿನಿ. ಅವಳ ಊರು ಯಲಬುರ್ಗಾದಿಂದ ಮುಂದೆ, ಕಡಲೆ ಬೆಳೆಯುವ ಎರೆಹೊಲಗಳ ನಡುವಿನ ಒಂದು ಹಳ್ಳಿ. ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ಅಂದು ರಾತ್ರಿ 12 ಗಂಟೆಯೊಳಗೆ ಕಳುಹಿಸಬೇಕಾಗಿತ್ತು. ಆದರೆ ಅರ್ಜಿಯ ಪುಟವು ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. "ಪಾಸ್‌ವರ್ಡ್ ತಪ್ಪಾಗಿದೆ" ಎಂದು ನಾಲ್ಕು ಬಾರಿ ಹೇಳಿಬಿಟ್ಟಿತ್ತು. ಐದನೆಯ ಬಾರಿ ತಪ್ಪಿದರೆ 24 ಗಂಟೆಗಳ ಕಾಲ ಬಾಗಿಲು ಮುಚ್ಚುವುದಾಗಿ ಕೆಂಪಕ್ಷರದ ಎಚ್ಚರಿಕೆಯೂ ಬಂದಿತ್ತು.

"ನಾ ತಪ್ಪು ಒತ್ತಿಲ್ರಿ ಸರ್. ನೋಟ್‌ಬುಕ್ಕಿನ್ಯಾಗ ಬರದಿಟ್ಟೀನಿ, ಅದನ್ನs ನೋಡಿ ಒತ್ತೀನಿ" ಎಂದಳು. ಧ್ವನಿಯಲ್ಲಿ ಅಳು ಇತ್ತು.

ಹೊಸ ಪಾಸ್‌ವರ್ಡನ್ನು ಪಡೆಯುವ ದಾರಿಯೂ ಇರಲಿಲ್ಲ. ಖಾತೆಯನ್ನು ತೆರೆದುಕೊಟ್ಟವನು ಕುಷ್ಟಗಿಯ ಒಂದು ಆನ್‌ಲೈನ್ ಸೆಂಟರಿನವನು. ಅವಸರದಲ್ಲಿ ತನ್ನದೇ ಮೊಬೈಲ್ ಸಂಖ್ಯೆಯನ್ನು ಕೊಟ್ಟಿದ್ದನಂತೆ. ಭಾನುವಾರವಾದುದರಿಂದ ಅಂಗಡಿಗೆ ಬೀಗ, ಫೋನಿಗೆ ಉತ್ತರವಿಲ್ಲ. ಮೊಬೈಲಿನಲ್ಲಿ ಆ ಪುಟವು ಅರ್ಧ ಮಾತ್ರ ತೆರೆಯುತ್ತಿತ್ತು. ಉಳಿದುದು ಅವಳ ಸೋದರಮಾವನು ಬೆಂಗಳೂರಿನಲ್ಲಿ ಕೊಂಡು ತಂದುಕೊಟ್ಟ, ಯಾರೋ ಬಳಸಿ ಮಾರಿದ್ದ ಲ್ಯಾಪ್‌ಟಾಪ್ ಒಂದೇ.

"ಕೀಲಿಮಣೆಯಿಂದ ಕೈ ತೆಗಿಯವ್ವ, ಐದನೆಯ ಸಲ ಈಗಲೇ ಒತ್ತಬೇಡ" ಎಂದು ಹೇಳಿ, ಊಟ ಬಿಟ್ಟು ಎದ್ದೆ. ಅವಳು ಹೇಳಿದ ಒಂದು ಸಂಗತಿ ನನಗೆ ದಾರಿ ತೋರಿಸಿತ್ತು. ಪಾಸ್‌ವರ್ಡಿನಲ್ಲಿ ಊರಿನ ಹೆಸರು, ನಾಲ್ಕು ಅಂಕೆಗಳು ಮತ್ತು ಇವೆರಡರ ನಡುವೆ ಒಂದು ‘@’ ಚಿಹ್ನೆ ಇದ್ದವು. ಕುಷ್ಟಗಿಯ ಅಂಗಡಿಯಲ್ಲಿ ಒಪ್ಪಿಗೆಯಾದ ಪದವು ಮನೆಯಲ್ಲಿ ಒಪ್ಪಿಗೆಯಾಗದಿದ್ದರೆ, ಬದಲಾದದ್ದು ಪದವಲ್ಲ, ಯಂತ್ರ.

ಆ ರಾತ್ರಿ ಏನಾಯಿತೆಂಬುದನ್ನು ಹೇಳುವುದಕ್ಕೆ ಮುಂಚೆ, ನಾವು ಕೀಲಿಯೊಂದನ್ನು ಒತ್ತಿದಾಗ ಗಣಕಯಂತ್ರದೊಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ. ನಮ್ಮಲ್ಲಿ ಹೆಚ್ಚು ಮಂದಿ, ‘ಎ’ ಎಂದು ಬರೆದಿರುವ ಕೀಲಿಯನ್ನು ಒತ್ತಿದರೆ ‘ಎ’ ಎಂಬ ಅಕ್ಷರವೇ ತಂತಿಯೊಳಗೆ ಹರಿದುಹೋಗುತ್ತದೆ ಎಂದು ಭಾವಿಸಿರುತ್ತಾರೆ. ಹಳೆಯ ಬೆರಳಚ್ಚು ಯಂತ್ರದ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಕೀಲಿಯ ತುದಿಗೆ ಕಟ್ಟಿದ ಸರಳಿನ ಕೊನೆಯಲ್ಲಿ ಲೋಹದ ಅಚ್ಚೇ ಇರುತ್ತಿತ್ತು. ಗಣಕಯಂತ್ರದ ಕೀಲಿಮಣೆಯಲ್ಲಾದರೋ ಅಕ್ಷರವೆಂಬ ವಸ್ತುವೇ ಇಲ್ಲ. ಇರುವುದು ಸ್ಥಾನ ಮಾತ್ರ.

ಕೀಲಿಗಳ ಕೆಳಗೆ

ಹಾಳಾದ ಕೀಲಿಮಣೆಯೊಂದು ಸಿಕ್ಕರೆ ತಿರುಪುಗಳನ್ನು ಬಿಚ್ಚಿ ನೋಡಿ. ಸಾಮಾನ್ಯವಾದ ಅಗ್ಗದ ಮಾದರಿಯಲ್ಲಿ ಮೂರು ತೆಳುವಾದ ಪ್ಲಾಸ್ಟಿಕ್ ಹಾಳೆಗಳು ಕಾಣುವುವು. ಮೇಲಿನ ಹಾಳೆಯ ಮೇಲೂ ಕೆಳಗಿನ ಹಾಳೆಯ ಮೇಲೂ ವಿದ್ಯುದ್ವಾಹಕ ಗೆರೆಗಳನ್ನು ಎಳೆದಿರುತ್ತಾರೆ. ನಡುವಿನ ಹಾಳೆಯಲ್ಲಿ ಪ್ರತಿಯೊಂದು ಕೀಲಿಯ ಕೆಳಗೂ ಒಂದು ರಂಧ್ರವಿರುತ್ತದೆ. ಕೀಲಿಯನ್ನು ಒತ್ತಿದಾಗ ರಬ್ಬರಿನ ಪುಟ್ಟ ಬಟ್ಟಲು ಕುಸಿದು, ಆ ರಂಧ್ರದ ಮೂಲಕ ಮೇಲಿನ ಗೆರೆಯನ್ನು ಕೆಳಗಿನ ಗೆರೆಗೆ ತಾಗಿಸುತ್ತದೆ. ಮಂಡಲವು ಪೂರ್ಣವಾಗುತ್ತದೆ. ಪ್ರಯೋಗಶಾಲೆಯಲ್ಲಿ ನೀವು ಬಳಸುವ ಒತ್ತುಗುಂಡಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಮೇಜಿನ ಮೇಲಿನ ಪೂರ್ಣ ಗಾತ್ರದ ಕೀಲಿಮಣೆಯಲ್ಲಿ 104 ಕೀಲಿಗಳಿರುತ್ತವೆ. ಒಂದೊಂದಕ್ಕೂ ಬೇರೆ ತಂತಿಯನ್ನು ಎಳೆಯುವುದು ದುಬಾರಿ. ಆದುದರಿಂದ ಗೆರೆಗಳನ್ನು ಅಡ್ಡಸಾಲು ಮತ್ತು ನೀಟಸಾಲುಗಳ ಜಾಲವಾಗಿ ಹೆಣೆಯುತ್ತಾರೆ. 8 ಅಡ್ಡಸಾಲುಗಳೂ 16 ನೀಟಸಾಲುಗಳೂ ಇದ್ದರೆ 24 ತಂತಿಗಳಿಂದಲೇ 128 ಛೇದನಬಿಂದುಗಳು ದೊರೆಯುವುವು. ಕೀಲಿಮಣೆಯೊಳಗಿನ ಒಂದು ಚಿಕ್ಕ ನಿಯಂತ್ರಕವು ನೀಟಸಾಲುಗಳನ್ನು ಒಂದಾದಮೇಲೊಂದರಂತೆ ಚೇತನಗೊಳಿಸಿ, ಯಾವ ಅಡ್ಡಸಾಲಿನಲ್ಲಿ ಸಂಕೇತ ಕಾಣಿಸಿತೆಂದು ನೋಡುತ್ತಾ ಹೋಗುತ್ತದೆ. ಸೆಕೆಂಡಿಗೆ ನೂರಾರು ಬಾರಿ ಈ ಪಹರೆ ನಡೆಯುತ್ತಿರುತ್ತದೆ. ಜಾಲದಲ್ಲಿ ಒಂದು ಆಯತದ ಮೂರು ಮೂಲೆಗಳ ಕೀಲಿಗಳನ್ನು ಒಮ್ಮೆಗೇ ಒತ್ತಿದರೆ, ಪ್ರವಾಹವು ಸುತ್ತಿ ಬಂದು ನಾಲ್ಕನೆಯ ಮೂಲೆಯ ಕೀಲಿಯೂ ಒತ್ತಲ್ಪಟ್ಟಂತೆ ತೋರುತ್ತದೆ. ಈ ‘ಭೂತ’ ಕೀಲಿ ಏಕೆ ಹುಟ್ಟುತ್ತದೆಂಬುದನ್ನು ಕಾಗದದ ಮೇಲೆ ಗೆರೆ ಎಳೆದು ಕಂಡುಕೊಳ್ಳುವುದು ಒಳ್ಳೆಯ ಅಭ್ಯಾಸ. ಇನ್ನೊಂದು ತೊಡಕೂ ಉಂಟು. ಎರಡು ವಾಹಕಗಳು ತಾಗುವಾಗ ನೆಲಕ್ಕೆ ಬಿದ್ದ ಚೆಂಡಿನಂತೆ ಕೆಲವು ಬಾರಿ ಪುಟಿಯುತ್ತವೆ. ನಿಯಂತ್ರಕವು ಕೆಲವು ಮಿಲಿಸೆಕೆಂಡು ತಾಳಿ, ಪುಟಿತವು ಅಡಗಿದ ಮೇಲೆ ಮಾತ್ರ ಒತ್ತಿದ್ದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹಾಗೆ ಮಾಡದಿದ್ದರೆ ಒಂದು ‘ಕ’ ಒತ್ತಿದರೆ ಮೂರು ‘ಕ’ ಬೀಳುತ್ತಿದ್ದವು.

ಹೀಗೆ ಪತ್ತೆಯಾದ ಛೇದನಬಿಂದುವಿಗೆ ಒಂದು ಸಂಖ್ಯೆ ಇದೆ. ಐಬಿಎಂ ಕಂಪನಿಯು 1981ರಲ್ಲಿ ಹೊರತಂದ ಪರ್ಸನಲ್ ಕಂಪ್ಯೂಟರಿನ ಸಂಪ್ರದಾಯದಲ್ಲಿ, ಅಮೆರಿಕದ ಕೀಲಿಮಣೆಯ ‘ಕ್ಯೂ’ ಇರುವ ಸ್ಥಾನದ ಸಂಖ್ಯೆ 16, ‘ಎ’ ಇರುವ ಸ್ಥಾನದ್ದು 30. ಇಂದಿನ ಯುಎಸ್‌ಬಿ ಸಂಪ್ರದಾಯದಲ್ಲಿ ಇವೇ ಸ್ಥಾನಗಳಿಗೆ ಕ್ರಮವಾಗಿ 20 ಮತ್ತು 4 ಎಂದು ಹೆಸರು. ತಂತಿಯಲ್ಲಿ ಸಾಗುವುದು ಇಷ್ಟೇ: "ಇಪ್ಪತ್ತನೆಯದು ಒತ್ತಲ್ಪಟ್ಟಿತು, ಇಪ್ಪತ್ತನೆಯದು ಬಿಡಲ್ಪಟ್ಟಿತು." ಶಿಫ್ಟ್ ಕೀಲಿ ಕೂಡ ತನ್ನ ಸಂಖ್ಯೆಯನ್ನು ಪ್ರತ್ಯೇಕವಾಗಿ ಕಳುಹಿಸುತ್ತದೆ. ಈ ಸಂಖ್ಯೆಗಳನ್ನು ಅಕ್ಷರಗಳನ್ನಾಗಿ ಮಾಡುವ ಕೆಲಸ ಗಣಕದ ಕಾರ್ಯಾಚರಣ ವ್ಯವಸ್ಥೆಯದು. ಅದರ ಬಳಿ ಒಂದು ಕೋಷ್ಟಕವಿರುತ್ತದೆ: ಇಂಥ ಸ್ಥಾನಕ್ಕೆ ಇಂಥ ಅಕ್ಷರ, ಶಿಫ್ಟ್ ಜೊತೆಗಿದ್ದರೆ ಇಂಥದು. ಈ ಕೋಷ್ಟಕಕ್ಕೆ ಕೀಲಿಮಣೆಯ ವಿನ್ಯಾಸವೆಂದು ಹೆಸರು. ಕೋಷ್ಟಕವನ್ನು ಬದಲಿಸಿದರೆ ಅಕ್ಷರಗಳು ಬದಲಾಗುವುವು. ಕೀಲಿಗಳ ಮೇಲೆ ಏನು ಅಚ್ಚಾಗಿದೆಯೆಂಬುದು ಯಂತ್ರಕ್ಕೆ ತಿಳಿಯದು. ಯುಎಸ್‌ಬಿ ಕೀಲಿಮಣೆಯು ತಾನು ಯಾವ ದೇಶದ್ದೆಂದು ಹೇಳಿಕೊಳ್ಳಲು ನಿಯಮದಲ್ಲಿ ಒಂದು ಸ್ಥಳವನ್ನೇನೋ ಬಿಟ್ಟಿದ್ದಾರೆ. ಆದರೆ ಬಹುತೇಕ ತಯಾರಕರು ಅಲ್ಲಿ ಸೊನ್ನೆಯನ್ನು ತುಂಬಿ ಕೈತೊಳೆದುಕೊಳ್ಳುತ್ತಾರೆ.

ನಮ್ಮ ಕಡೆ ನಾಟಕದ ಹಾರ್ಮೋನಿಯಂ ನೋಡಿದವರಿಗೆ ಇದು ಸುಲಭವಾಗಿ ಹೊಳೆಯಬೇಕು. ಒಬ್ಬ ಗಾಯಕನು ‘ಕಪ್ಪು ಒಂದ’ನ್ನು ಷಡ್ಜವಾಗಿ ಹಿಡಿದು ಹಾಡುತ್ತಾನೆ. ಇನ್ನೊಬ್ಬನ ಷಡ್ಜ ‘ಕಪ್ಪು ಮೂರು’; ಅವನಿಗೆ ಅದೇ ಕಪ್ಪು ಒಂದು ಪಂಚಮವಾಗುತ್ತದೆ. ಮನೆ ಕದಲಲಿಲ್ಲ, ಅದರ ನಾದವೂ ಕದಲಲಿಲ್ಲ. ಅದಕ್ಕೆ ಇಟ್ಟುಕೊಂಡ ಹೆಸರು ಮಾತ್ರ ಬದಲಾಯಿತು. ಪೇಟಿ ನುಡಿಸುವವನೂ ಗಾಯಕನೂ ಬೇರೆ ಬೇರೆ ಶ್ರುತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆರಂಭಿಸಿದರೆ ಸಭೆಯ ಗತಿಯೇನಾದೀತೋ, ತಪ್ಪು ವಿನ್ಯಾಸದ ಗಣಕದಲ್ಲಿ ಬರೆಯುವವನ ಗತಿಯೂ ಅದೇ.

ಒಂದು ಲೋಕ, ಹಲವು ಕೋಷ್ಟಕಗಳು

ಇಂಗ್ಲಿಷಿನ ಪರಿಚಿತ ವಿನ್ಯಾಸವು ಅಮೆರಿಕದ ಕ್ರಿಸ್ಟಫರ್ ಲೇಥಮ್ ಶೋಲ್ಸ್ ಮತ್ತು ಆತನ ಜೊತೆಗಾರರ ಬೆರಳಚ್ಚು ಯಂತ್ರದಿಂದ ಬಂದುದು. ಅವರಿಗೆ 1868ರಲ್ಲಿ ಸನ್ನದು ದೊರೆಯಿತು. ರೆಮಿಂಗ್ಟನ್ ಕಂಪನಿ ತಯಾರಿಸಿದ ಯಂತ್ರವು 1874ರಲ್ಲಿ ಮಾರುಕಟ್ಟೆಗೆ ಬಂದಿತು. ಅಕ್ಷರಗಳನ್ನು ಹೀಗೇಕೆ ಚೆದರಿಸಿದರೆಂಬ ವಿಷಯದಲ್ಲಿ ಇತಿಹಾಸಕಾರರಲ್ಲಿ ಇಂದಿಗೂ ಜಗಳವಿದೆ. ಜರ್ಮನರು ‘ವೈ’ ಮತ್ತು ‘ಜೆಡ್’ಗಳ ಸ್ಥಾನವನ್ನು ಅದಲುಬದಲು ಮಾಡಿಕೊಂಡರು. ಫ್ರೆಂಚರು ‘ಎ’ ಮತ್ತು ‘ಕ್ಯೂ’ಗಳನ್ನು ಬದಲಿಸಿದುದಲ್ಲದೆ, ಅಂಕೆಗಳನ್ನು ಶಿಫ್ಟ್ ಒತ್ತಿಯೇ ಪಡೆಯುವಂತೆ ಮಾಡಿಕೊಂಡರು. ಬ್ರಿಟಿಷರದು ಇನ್ನೂ ಸೂಕ್ಷ್ಮವಾದ, ಆದುದರಿಂದಲೇ ಹೆಚ್ಚು ಮೋಸಮಾಡುವ ಬದಲಾವಣೆ: 26 ಅಕ್ಷರಗಳೂ ಅಮೆರಿಕದವರು ಇಟ್ಟಲ್ಲಿಯೇ ಇವೆ, ಕೆಲವು ಚಿಹ್ನೆಗಳು ಮಾತ್ರ ಸ್ಥಳ ಬದಲಿಸಿವೆ.

ಕನ್ನಡಕ್ಕೆ ಬಂದರೆ ಕಥೆ ಇನ್ನೂ ಸ್ವಾರಸ್ಯವಾಗುತ್ತದೆ. ಕನ್ನಡ ಬೆರಳಚ್ಚು ಯಂತ್ರಕ್ಕೆ ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆ ದೀರ್ಘಕಾಲ ಕಚೇರಿಗಳಲ್ಲಿ ಬಳಕೆಯಲ್ಲಿತ್ತು. ಗಣಕಗಳು ಬಂದ ಮೇಲೆ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು 1986ರಲ್ಲಿ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸವನ್ನು ಗೊತ್ತುಮಾಡಿತು. ಇದರ ತತ್ತ್ವ ಸುಂದರವಾದುದು: ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ, ಮೇಲಾಗಿ ಭಾರತದ ಎಲ್ಲ ಲಿಪಿಗಳಲ್ಲೂ ಒಂದೇ ಧ್ವನಿಗೆ ಒಂದೇ ಕೀಲಿ. ಗಂಗಾವತಿಯ ಕ್ಯಾಂಪುಗಳಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡುವ ಹುಡುಗನು ಒಮ್ಮೆ ಈ ವಿನ್ಯಾಸವನ್ನು ಕಲಿತರೆ ಎರಡು ಲಿಪಿಗಳೂ ಅವನ ಬೆರಳಿಗೆ ಬಂದಂತೆ. ಆದರೆ ಕಲಿಯುವುದಕ್ಕೆ ತಾಳ್ಮೆ ಬೇಕು.

ಮುದ್ರಣತಂತ್ರದಲ್ಲಿ ಪಳಗಿದ ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ಎಲ್ಲರೂ ಬಲ್ಲ ಕೆ. ಪಿ. ರಾವ್ ಅವರು, ಬೇರೆ ದಾರಿ ಹಿಡಿದರು. ಇಂಗ್ಲಿಷ್ ಕೀಲಿಮಣೆ ಬಲ್ಲವನಿಗೆ ‘ಕೆ’ ಒತ್ತಿದರೆ ‘ಕ’, ‘ಎಂ’ ಒತ್ತಿದರೆ ‘ಮ’ ಬರಲಿ. ಮಹಾಪ್ರಾಣಕ್ಕೆ ಶಿಫ್ಟ್ ಇರಲಿ. ಒತ್ತಕ್ಷರ ಕಟ್ಟುವುದಕ್ಕೆ ‘ಎಫ್’ ಎಂಬ ಒಂದೇ ಕೊಂಡಿ ಸಾಕು ಎಂಬುದು ಅವರ ಯೋಜನೆ. ಈ ವಿನ್ಯಾಸದ ತಂತ್ರಾಂಶಕ್ಕೆ ಅವರು ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಉಚಿತವಾಗಿ ಹಂಚಿದರು. ಕರ್ನಾಟಕ ಸರ್ಕಾರವೂ ಇದೇ ಬಗೆಯ ವಿನ್ಯಾಸವನ್ನು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಅದು ತಾಲ್ಲೂಕು ಕಚೇರಿಗಳವರೆಗೆ ಮುಟ್ಟಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ನನ್ನ ಮಟ್ಟಿಗೆ ಹೇಳುವುದಾದರೆ ನಾನು ಕೆ. ಪಿ. ರಾಯರ ಪಕ್ಷ, ಆದರೆ ಇದು ಅಭ್ಯಾಸದ ಮಾತೇ ಹೊರತು ವಿಜ್ಞಾನದ ತೀರ್ಪಲ್ಲ.

ಈಗ ಒಂದೇ ಪದವನ್ನು ಎರಡು ಕೋಷ್ಟಕಗಳಲ್ಲಿ ಹಾಯಿಸಿ ನೋಡೋಣ. ಕೆ. ಪಿ. ರಾವ್ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳು. ಗಣಕದಲ್ಲಿ ಇನ್‌ಸ್ಕ್ರಿಪ್ಟ್ ಜಾರಿಯಲ್ಲಿದ್ದಾಗ ಇವೇ ಐದನ್ನು ಒತ್ತಿದರೆ ‘ಕಲಿಲೈ’ ಎಂದು ಮೂಡುತ್ತದೆ. ‘ಕೊಪ್ಪಳ’ವನ್ನು ಒತ್ತಿದರೆ ‘ಕದಜಿಜಥ’ ಎಂದಾಗುತ್ತದೆ. ಇಂಗ್ಲಿಷಿನ ‘ಫಿಸಿಕ್ಸ್’ ಎಂಬ ಪದವನ್ನು ಅದರ ಏಳು ಅಕ್ಷರಗಳ ಕ್ರಮದಲ್ಲಿ ಒತ್ತಿದರೆ ಇನ್‌ಸ್ಕ್ರಿಪ್ಟ್ ಕೊಡುವ ಫಲ ‘ಜಪಬೇಗಮೇ’. ಭೌತಶಾಸ್ತ್ರವನ್ನು ಬೇಗ ಬೇಗ ಜಪಮಾಡಿ ಪರೀಕ್ಷೆಗೆ ಬರುವ ವಿದ್ಯಾರ್ಥಿಗಳನ್ನು ಕಂಡವನಾದುದರಿಂದ ಈ ಅಪಭ್ರಂಶ ನನಗೆ ತುಂಬ ಪ್ರಿಯವಾಗಿದೆ.

ಇಂಥದೇ ಅನುಭವ ರಷ್ಯನ್ನರಿಗೂ ನಿತ್ಯದ್ದು. ಅವರು ‘ಪ್ರಿವ್ಯೆತ್’, ಎಂದರೆ ನಮಸ್ಕಾರ, ಎಂದು ಬರೆಯಹೊರಟಾಗ ಇಂಗ್ಲಿಷ್ ವಿನ್ಯಾಸ ಉಳಿದುಕೊಂಡಿದ್ದರೆ ಜಿ, ಎಚ್, ಬಿ, ಡಿ, ಟಿ, ಎನ್ ಎಂಬ ಉಚ್ಚರಿಸಲಾಗದ ಸಾಲು ಬೀಳುತ್ತದೆ. ಯಾವ ಭಾಷೆಯಲ್ಲಿ ಯಾವ ಅಕ್ಷರದ ಮುಂದೆ ಯಾವುದು ಬರುವುದು ಅಪರೂಪವೆಂಬ ಲೆಕ್ಕವನ್ನಿಟ್ಟುಕೊಂಡು, ಇಂಥ ಸಾಲನ್ನು ಕಂಡೊಡನೆ ತಾನೇ ತಿದ್ದಿಕೊಡುವ ತಂತ್ರಾಂಶಗಳು ಅಲ್ಲಿ ಬಳಕೆಯಲ್ಲಿವೆ.

ತಿದ್ದಿಕೊಡುವುದು ಸಾಧ್ಯವಾಗುವುದು ಹೇಗೆ? ಇಲ್ಲಿ ಗಣಿತದ ಒಂದು ಅಂಶವಿದೆ. ಒಮ್ಮೆ ನಾನು ಸಹೋದ್ಯೋಗಿಯೊಬ್ಬರ ಗಣಕದಲ್ಲಿ ಕುಳಿತು, ಕಣ್ಣನ್ನು ಹಸ್ತಪ್ರತಿಯ ಮೇಲೆಯೇ ಇಟ್ಟುಕೊಂಡು, ಯಂತ್ರಶಾಸ್ತ್ರದ ಪ್ರಶ್ನಪತ್ರಿಕೆಯನ್ನು ಎರಡು ಪುಟದಷ್ಟು ಬೆರಳಚ್ಚು ಮಾಡಿದೆ. ತಲೆಯೆತ್ತಿ ನೋಡಿದರೆ ತೆರೆಯ ಮೇಲೆ ಎರಡು ಪುಟ ‘ಕದಜಿಜಥ’ದ ಭಾಷೆ! ಅವರು ಇನ್‌ಸ್ಕ್ರಿಪ್ಟಿನವರು. ಮೊದಲು ಎಲ್ಲವನ್ನೂ ಅಳಿಸಲು ಹೊರಟೆ, ಆಮೇಲೆ ಯೋಚಿಸಿದೆ. ಪ್ರತಿಯೊಂದು ಕೀಲಿಗೂ ಇನ್‌ಸ್ಕ್ರಿಪ್ಟಿನಲ್ಲಿ ಒಂದೊಂದು ಬೇರೆ ಅಕ್ಷರವಿದ್ದರೆ, ಅಕ್ಷರದಿಂದ ಕೀಲಿಗೆ ಹಿಂದಿರುಗಬಹುದು. ಕೀಲಿಯಿಂದ ನನ್ನ ವಿನ್ಯಾಸದ ಅಕ್ಷರಕ್ಕೆ ಮುಂದೆ ಹೋಗಬಹುದು. ‘ಕಲಿಲೈ’ಯನ್ನು ಬಿಡಿಸಿದರೆ ಕ, ಲ, ಗುಡಿಸು, ಲ, ಐತ್ವ, ಇವುಗಳ ಕೀಲಿಗಳು ಕೆ, ಎನ್, ಎಫ್, ಎನ್, ಡಬ್ಲ್ಯೂ, ಮರಳಿ ‘ಕನ್ನಡ’. ಒಂದು ಕೋಷ್ಟಕ ಮಾಡಿಕೊಂಡು ಅರ್ಧ ಗಂಟೆಯಲ್ಲಿ ಪ್ರಶ್ನಪತ್ರಿಕೆಯನ್ನು ಪೂರ್ಣವಾಗಿ ಉಳಿಸಿಕೊಂಡೆ. ಒಂದಕ್ಕೊಂದರಂತೆ ಸಾಗುವ ರೂಪಾಂತರದಲ್ಲಿ ಮಾಹಿತಿ ವೇಷ ಬದಲಿಸುತ್ತದೆಯೇ ಹೊರತು ನಾಶವಾಗುವುದಿಲ್ಲ. ಇದಕ್ಕೆ ಪ್ರತಿಯಾಗಿ, 3.2 ಮತ್ತು 3.4 ಎರಡನ್ನೂ ಪೂರ್ಣಾಂಕ ಮಾಡಿ 3 ಎಂದು ಬರೆದಿಟ್ಟರೆ, ಮೊದಲು ಯಾವುದಿತ್ತೆಂದು ಆ 3 ನಮಗೆ ಎಂದಿಗೂ ಹೇಳಲಾರದು.

ಇನ್ನೊಂದು ಬಗೆಯ ಗೊಂದಲವನ್ನು ಇದರಿಂದ ಬೇರ್ಪಡಿಸಿ ನೋಡಬೇಕು. ಹಳೆಯ ನುಡಿ ಅಕ್ಷರರೂಪದಲ್ಲಿ ಸಿದ್ಧವಾದ ಕಡತವನ್ನು ಆ ಅಕ್ಷರರೂಪವಿಲ್ಲದ ಗಣಕದಲ್ಲಿ ತೆರೆದಾಗ, ‘ಕನ್ನಡ’ ಎಂಬುದು ರೋಮನ್ ‘ಪಿ’, ನೆತ್ತಿಯ ಮೇಲೆ ಗೀಟು ಹೊತ್ತ ‘ಎ’, ಪೌಂಡ್ ಚಿಹ್ನೆ ಮುಂತಾದವುಗಳ ಸಂತೆಯಾಗಿ ಕಾಣುವುದು. ಅಲ್ಲಿ ದೋಷವಿರುವುದು ಓದುವ ಕಡೆಗೆ. ಕೀಲಿಮಣೆಯ ದೋಷವಿರುವುದು ಬರೆಯುವ ಕಡೆಗೆ. ಯೂನಿಕೋಡ್ ಪದ್ಧತಿಯು ಬಂದ ಮೇಲೆ ಓದುವ ಕಡೆಯ ತೊಂದರೆ ಬಹುಮಟ್ಟಿಗೆ ನೀಗಿದೆ. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಕಾದಿರಿಸಿದ್ದಾರೆ. ‘ಕನ್ನಡ’ ಎಂದರೆ ಯಾವ ದೇಶದ ಯಾವ ಯಂತ್ರಕ್ಕೂ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು. ನಡುವಿನ 3277 ಒತ್ತಕ್ಷರವನ್ನು ಕಟ್ಟುವ ಕೊಂಡಿ. ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ಐದು. ನೀವು ಯಾವ ವಿನ್ಯಾಸದಿಂದ ಒತ್ತಿದರೂ ಕೊನೆಗೆ ಉಳಿಯುವುದು ಈ ಐದೇ.

ಲಿಪಿ ಬದಲಾಗಿಬಿಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳು ಬ್ರಾಹ್ಮೀ ಲಿಪಿಯಲ್ಲಿವೆ. ಇವುಗಳ ಸೋದರ ಶಾಸನವೊಂದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ, ಬಿ. ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಅದನ್ನು ಬರೆದ ಚಪಡನೆಂಬ ಲಿಪಿಕಾರನು ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯನ್ನು ಹೇಳುವ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಸಾಗುವ, ದೂರದ ವಾಯವ್ಯ ಪ್ರಾಂತದ ಲಿಪಿ. ಚಪಡನು ತಿಳಿದೇ ಮಾಡಿರಬೇಕು. ನಮ್ಮ ಹಾಗೆ ಆಲ್ಟ್ ಮತ್ತು ಶಿಫ್ಟ್‌ಗಳ ಮೇಲೆ ಕೈ ತಗುಲಿ ಆದುದಲ್ಲ.

ಮತ್ತೆ ಆ ಭಾನುವಾರ

ಫೋನಿನಲ್ಲಿ ನಾನು ವಿದ್ಯಾರ್ಥಿನಿಗೆ ಹೇಳಿದ್ದು ಇಷ್ಟು: ಅರ್ಜಿಯ ಪುಟವನ್ನು ಮುಟ್ಟಬೇಡ, ನೋಟ್‌ಪ್ಯಾಡ್ ತೆರೆ. ಪಾಸ್‌ವರ್ಡಿನ ಪೆಟ್ಟಿಗೆಯಲ್ಲಿ ಬರೇ ಚುಕ್ಕೆಗಳು ಕಾಣುವುದರಿಂದ ಬಿದ್ದ ಅಕ್ಷರ ಯಾವುದೆಂದು ತಿಳಿಯದು. ನೋಟ್‌ಪ್ಯಾಡಿನಲ್ಲಿ ಎಲ್ಲವೂ ಬಯಲು. ಶಿಫ್ಟ್ ಹಿಡಿದು ಅಂಕೆಗಳ ಸಾಲನ್ನು ಎಡದಿಂದ ಬಲಕ್ಕೆ ಒತ್ತುತ್ತಾ, ಬಿದ್ದದ್ದನ್ನು ನನಗೆ ಓದಿ ಹೇಳು.

"ಒಂದರ ಮ್ಯಾಲೆ ಆಶ್ಚರ್ಯಸೂಚಕ ಬಂತ್ರಿ. ಎರಡರ ಮ್ಯಾಲೆ… ಉದ್ಧರಣ ಚಿಹ್ನೆ ಬಂತಲ್ರಿ ಸರ್! ಕೀಲಿ ಮ್ಯಾಲೆ ‘@’ ಅಂತ ಐತಿ."

"ಮೂರರ ಮೇಲೆ?"

"ಇಂಗ್ಲಿಷ್ ಎಲ್ ಇದ್ದಂಗ ಐತ್ರಿ, ನಡುವ ಅಡ್ಡ ಗೀಟು."

ಪೌಂಡ್ ಚಿಹ್ನೆ! ಕಳ್ಳ ಸಿಕ್ಕಿದ. ಕೀಲಿಗಳ ಮೇಲಿನ ಅಚ್ಚು ಅಮೆರಿಕದ್ದು, ಒಳಗಿನ ಕೋಷ್ಟಕ ಬ್ರಿಟನ್ನಿನದು. ಹಿಂದಿನ ಒಡೆಯನು ಗಣಕವನ್ನು ಮೊದಲ ಬಾರಿ ಅಣಿಗೊಳಿಸುವಾಗ, ನಾವು ಕಲಿತಿರುವುದು ಬ್ರಿಟಿಷ್ ಕಾಗುಣಿತವಲ್ಲವೇ ಎಂದು ‘ಇಂಗ್ಲಿಷ್, ಯುನೈಟೆಡ್ ಕಿಂಗ್‌ಡಮ್’ ಎಂಬುದನ್ನು ಆರಿಸಿರಬೇಕು. ಕಾಗುಣಿತದ ಜೊತೆಗೆ ಕೀಲಿಮಣೆಯ ವಿನ್ಯಾಸವೂ ಬಂದುಬಿಡುತ್ತದೆಂದು ಅನೇಕರಿಗೆ ತಿಳಿಯದು. ನಮ್ಮ ಪೇಟೆಯಲ್ಲಿ ಮಾರುವ ಕೀಲಿಮಣೆಗಳ ಅಚ್ಚಾದರೋ ಸಾಮಾನ್ಯವಾಗಿ ಅಮೆರಿಕದ್ದೇ. ಬ್ರಿಟಿಷ್ ಕೋಷ್ಟಕದಲ್ಲಿ ‘@’ ಮತ್ತು ಉದ್ಧರಣ ಚಿಹ್ನೆ ಪರಸ್ಪರ ಸ್ಥಾನ ಬದಲಿಸಿರುತ್ತವೆ. ಆ ಹುಡುಗಿ ನಾಲ್ಕು ಬಾರಿಯೂ ಸರಿಯಾಗಿಯೇ ಒತ್ತಿದ್ದಳು; ಯಂತ್ರವು ನಾಲ್ಕು ಬಾರಿಯೂ ಬೇರೆ ಚಿಹ್ನೆಯನ್ನು ಕಳುಹಿಸಿತ್ತು. ಪಾಸ್‌ವರ್ಡಿನ ಪರೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಸರಿಯಿದ್ದರೆ ಒಂಬತ್ತು ಅಂಕ ಎಂಬ ದಾಕ್ಷಿಣ್ಯವಿಲ್ಲ.

ತಕ್ಷಣದ ಉಪಾಯವಾಗಿ, ‘@’ ಬೇಕಾದಾಗ ಎಂಟರ್ ಕೀಲಿಯ ಎಡಗಡೆಯ ಉದ್ಧರಣ ಕೀಲಿಯನ್ನು ಶಿಫ್ಟ್ ಸಹಿತ ಒತ್ತು ಎಂದು ಹೇಳಬಹುದಾಗಿತ್ತು. ಆದರೆ ರೋಗವನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ನನಗೆ ಸರಿದೋರಲಿಲ್ಲ, ಸಮಯವೂ ಇತ್ತು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ‘ಟೈಮ್ ಅಂಡ್ ಲ್ಯಾಂಗ್ವೇಜ್’, ಅದರೊಳಗೆ ‘ಲ್ಯಾಂಗ್ವೇಜ್ ಅಂಡ್ ರೀಜನ್’ಗೆ ಹೋಗಬೇಕು. ಅಲ್ಲಿ ಇಂಗ್ಲಿಷಿನ ಎದುರಿನ ಮೂರು ಚುಕ್ಕೆಗಳನ್ನು ಒತ್ತಿ ‘ಲ್ಯಾಂಗ್ವೇಜ್ ಆಪ್ಶನ್ಸ್’ ಆರಿಸಿದರೆ ಕೀಲಿಮಣೆಗಳ ಪಟ್ಟಿ ಕಾಣುತ್ತದೆ. ಪಟ್ಟಿಯಲ್ಲಿ ಒಂದೇ ವಿನ್ಯಾಸವಿದ್ದರೆ ಅದನ್ನು ತೆಗೆಯಲು ಯಂತ್ರ ಬಿಡದು. ಮೊದಲು ಹೊಸದನ್ನು ಸೇರಿಸಿ ಆಮೇಲೆ ಹಳೆಯದನ್ನು ತೆಗೆಯಬೇಕು. ‘ಇಂಗ್ಲಿಷ್, ಇಂಡಿಯಾ’ ಎಂಬ ವಿನ್ಯಾಸವನ್ನು ಸೇರಿಸಿಸಿದೆ. ಇದು ಅಮೆರಿಕದ್ದರಂತೆಯೇ ಇದ್ದು, ಒಂದು ಹೆಚ್ಚಿನ ಸೌಕರ್ಯವನ್ನು ಒಳಗೊಂಡಿದೆ. ಬಳಿಕ ಬ್ರಿಟನ್ನಿನದನ್ನು ತೆಗೆಸಿದೆ.

ಮತ್ತೆ ನೋಟ್‌ಪ್ಯಾಡ್. ಶಿಫ್ಟ್, ಎರಡು. "‘@’ ಬಂತ್ರಿ!" ಪಾಸ್‌ವರ್ಡನ್ನು ಪೂರ್ತಿಯಾಗಿ ಅಲ್ಲಿ ಬರೆಯಿಸಿ, ಪುಸ್ತಕದಲ್ಲಿದ್ದುದಕ್ಕೆ ಅಕ್ಷರಶಃ ಹೋಲಿಸಿದ ಮೇಲೆ ಐದನೆಯ ಬಾರಿಗೆ ಅನುಮತಿ ಕೊಟ್ಟೆ. ಫೋನಿನಲ್ಲಿ ಕೆಲವು ಕ್ಷಣ ಸದ್ದಿಲ್ಲ. ಆಮೇಲೆ ಹಿಂದಿನಿಂದ ಅವಳ ತಾಯಿಯ ಧ್ವನಿ ಕೇಳಿಸಿತು: "ಏನಂತ ಯವ್ವಾ?" ಬಾಗಿಲು ತೆರೆದಿತ್ತು. ಅರ್ಜಿ ಸಲ್ಲಿಕೆಯಾದಾಗ 10 ಗಂಟೆ 40 ನಿಮಿಷ.

ಓದುಗರು ತಮ್ಮ ಮನೆಯ ಯಂತ್ರದಲ್ಲಿಯೂ ಈ ಪರೀಕ್ಷೆಯನ್ನು ಮಾಡಬಹುದು. ಶಿಫ್ಟ್ ಹಿಡಿದು 2 ಒತ್ತಿದಾಗ ಉದ್ಧರಣ ಚಿಹ್ನೆಯೂ 3 ಒತ್ತಿದಾಗ ಪೌಂಡ್ ಚಿಹ್ನೆಯೂ ಬಂದರೆ ಬ್ರಿಟಿಷ್ ವಿನ್ಯಾಸ. ‘ಜೆಡ್’ ಒತ್ತಿದಾಗ ‘ವೈ’ ಬಂದರೆ ಜರ್ಮನ್. ‘ಕ್ಯೂ’ ಒತ್ತಿದಾಗ ‘ಎ’ ಬಂದರೆ ಫ್ರೆಂಚ್. ಒಂಟಿ ಉದ್ಧರಣ ಚಿಹ್ನೆಯನ್ನು ಒತ್ತಿದಾಗ ಏನೂ ಮೂಡದೆ, ಮುಂದಿನ ಅಕ್ಷರದ ನೆತ್ತಿಯ ಮೇಲೆ ಗೀಟಾಗಿ ಕುಳಿತರೆ ಅದು ‘ಯುಎಸ್ ಇಂಟರ್‌ನ್ಯಾಷನಲ್’ ಎಂಬ ವಿನ್ಯಾಸ. ಇಂಗ್ಲಿಷ್ ಒತ್ತಿದರೆ ಕನ್ನಡ ಬಂದಿತೋ, ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ಸಾಕು, ಪಟ್ಟಿಯಲ್ಲಿರುವ ಭಾಷೆಗಳು ಒಂದೊಂದಾಗಿ ಎದುರು ಬರುತ್ತವೆ. ಬಹು ಜನರಿಗೆ ಭಾಷೆ ‘ತಾನಾಗಿಯೇ’ ಬದಲಾಗುವುದು ಎಡಗೈಯ ಆಲ್ಟ್ ಮತ್ತು ಶಿಫ್ಟ್ ಕೀಲಿಗಳು ಒಮ್ಮೆಗೇ ಅದುಮಿಹೋದಾಗ. ಈ ಜೋಡಿಯ ಕೆಲಸವೂ ಭಾಷೆಯನ್ನು ಬದಲಿಸುವುದೇ. ಬಳಸದ ವಿನ್ಯಾಸಗಳನ್ನು ಪಟ್ಟಿಯಿಂದ ತೆಗೆದುಹಾಕಿದರೆ ಆಕಸ್ಮಿಕವಾಗಿ ಬದಲಾಗಲು ಜಾಗವೇ ಇರುವುದಿಲ್ಲ. ಗಣಕವನ್ನು ತೆರೆಯುವ ಮೊದಲ ಪರದೆಯಲ್ಲಿಯೇ ಪಾಸ್‌ವರ್ಡ್ ಒಪ್ಪದಿದ್ದರೆ, ಬಲಗಡೆ ಕೆಳಮೂಲೆಯಲ್ಲಿರುವ ಭಾಷೆಯ ಗುರುತನ್ನು ಮೊದಲು ನೋಡಿ. ಪೆಟ್ಟಿಗೆಯ ಪಕ್ಕದ ಕಣ್ಣಿನ ಗುರುತನ್ನು ಒತ್ತಿದರೆ ಚುಕ್ಕೆಗಳ ಹಿಂದಿನ ಅಕ್ಷರಗಳೂ ಕಾಣುತ್ತವೆ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಮನೆಯಿಂದ ಫೋನು. ಈ ಸಲ ಮಾತನಾಡಿದವರು ಹುಡುಗಿಯ ತಂದೆ. ಕಡಲೆ ಮಾರಿದ ಲೆಕ್ಕವನ್ನು ಮಗಳು ಗಣಕದಲ್ಲಿ ಬರೆದುಕೊಡುತ್ತಿದ್ದಾಳಂತೆ. "ಎಲ್ಲಾ ಬರ್ತೈತ್ರಿ ಸರ, ರೂಪಾಯಿ ಚಿಹ್ನಿ ಒಂದು ಕೀಲಿಮಣಿ ಮ್ಯಾಲೆ ಇಲ್ಲಲ್ರಿ" ಎಂದರು. ಡಿ. ಉದಯಕುಮಾರ್ ರೂಪಿಸಿದ ಆ ಚಿಹ್ನೆಯನ್ನು ಕೇಂದ್ರ ಸರ್ಕಾರವು 2010ರ ಜುಲೈಯಲ್ಲಿ ಅಂಗೀಕರಿಸಿತು. ಅದೇ ವರ್ಷ ಯೂನಿಕೋಡಿನಲ್ಲಿ ಅದಕ್ಕೆ 8377 ಎಂಬ ಸಂಖ್ಯೆ ದೊರೆಯಿತು. ಆ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಅದರ ಅಚ್ಚಿರಲಿಲ್ಲ. ಬಲಗಡೆಯ ಆಲ್ಟ್ ಹಿಡಿದು ನಾಲ್ಕನ್ನು ಒತ್ತಿರಿ ಎಂದೆ. ನಾಲ್ಕರ ಕೀಲಿಯ ಮೇಲೆ ಬರೆದಿದ್ದುದು ಡಾಲರಿನ ಚಿಹ್ನೆ. ತೆರೆಯ ಮೇಲೆ ಮೂಡಿದ್ದು ರೂಪಾಯಿ.